ರಾಗಿ ಹೊಲದ ಜಪಸರ

ನಮ್ಮತ್ತೆಯನ್ನು ನಾನು ಮೊದಲು ಕಂಡದ್ದು ಶಿವಾಜಿನಗರದ ಚರ್ಚಿನಲ್ಲಿ, ಒಂದು ಕೋಳಿಯ ದೆಸೆಯಿಂದ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಮನೆ ಹಲಸೂರಿನ ಒಂದು ಗಲ್ಲಿಯಲ್ಲಿ. ಶನಿವಾರ ಅರ್ಧ ದಿನದ ಕೆಲಸ. ಅದನ್ನು ಮುಗಿಸಿ ಶಿವಾಜಿನಗರದ ಬಸ್ಸು ಹತ್ತಿ, ಚರ್ಚಿನಲ್ಲಿ ಮರಿಯಾ ಮಾತೆಯ ಮುಂದೆ ಒಂದು ಮೇಣದಬತ್ತಿ ಹಚ್ಚಿ, ರಸೆಲ್ ಮಾರುಕಟ್ಟೆಯಲ್ಲಿ ಅಮ್ಮ ಹೇಳಿದ ತರಕಾರಿ ಕೊಂಡು ಮನೆಗೆ ಹೋಗುವುದು ನನ್ನ ರೂಢಿಯಾಗಿತ್ತು.

ಆ ಶನಿವಾರ ನಾನು ಕೂತಿದ್ದ ಬೆಂಚಿಗೆ ಹಳ್ಳಿಯ ಹೆಂಗಸೊಬ್ಬರು ಬಂದು ಕೂತರು. ಐವತ್ತರ ಆಸುಪಾಸು. ದುಡಿದ ಗಟ್ಟಿ ಮೈ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಶಿಲುಬೆ, ಕಂಕುಳಲ್ಲಿ ಒಂದು ಬಿದಿರ ಬುಟ್ಟಿ. ಬುಟ್ಟಿಯೊಳಗೆ ಕಾಲು ಕಟ್ಟಿದ ಹರಕೆಯ ಕೋಳಿ.

“ವಸಿ ಇದ್ನ ನೋಡ್ಕೊ ಮಗ. ತಾಯಿ ಹತ್ರ ಒಂದ್ ಮಾತಾಡಿ ಬತ್ತೀನಿ,” ಎಂದು ಬುಟ್ಟಿಯನ್ನು ನನ್ನ ಪಕ್ಕಕ್ಕೆ ತಳ್ಳಿ ಅವರು ಮುಂದಕ್ಕೆ ಹೋದರು.

ಅವರು ಮಂಡಿಯೂರಿ ಕೈಮುಗಿಯುವ ಹೊತ್ತಿಗೆ ಕೋಳಿ ಅದು ಹೇಗೋ ಕಾಲಿನ ದಾರ ಬಿಡಿಸಿಕೊಂಡು ಹಾರಿತು. ಮೊದಲು ಬೆಂಚಿನ ಮೇಲೆ, ಅಲ್ಲಿಂದ ಒಬ್ಬ ಆಂಗ್ಲೋ ಇಂಡಿಯನ್ ಅಜ್ಜಿಯ ಹೆಗಲ ಮೇಲೆ, ಅಲ್ಲಿಂದ ನೆಲಕ್ಕೆ. ನಾನು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚುಗಳ ಅಡಿಯಲ್ಲಿ ತೆವಳಿದೆ. ಜಪ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕಾಲು ಮೇಲೆತ್ತಿಕೊಂಡರು. ಕೊನೆಗೆ ಪಾಪನಿವೇದನೆಯ ಗೂಡಿನ ಹಿಂದೆ ಅದನ್ನು ಮೂಲೆಗೆ ಒತ್ತಿ, ಎರಡೂ ರೆಕ್ಕೆ ಸೇರಿಸಿ ಹಿಡಿದು ಎದ್ದು ನಿಂತೆ. ಆ ಹೆಂಗಸು ಪೀಠದ ಹತ್ತಿರ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದರು. ನನಗೂ ನಗು ಬಂತು. ಚರ್ಚಿನ ನಡುವೆ, ಕೈಯಲ್ಲಿ ಕೋಳಿ ಹಿಡಿದು, ಗುರುತು ಪರಿಚಯವಿಲ್ಲದ ಹೆಂಗಸಿನ ಜೊತೆ ನಕ್ಕೆ.

ಹೊರಗೆ ಬಂದಮೇಲೆ ಅವರು ನನ್ನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಪುಕ್ಕ ತೆಗೆದು, “ನಿಮ್ಮನೆ ಎಲ್ಲಿ ಮಗ? ಅಪ್ಪ ಏನ್ ಮಾಡ್ತಾರೆ?” ಎಂದು ಕೇಳಿದರು. ನನಗೆ ಬರುತ್ತಿದ್ದದ್ದು ಬಸ್ ಕಂಡಕ್ಟರನ ಜೊತೆ ಆಡುವಷ್ಟು ಕನ್ನಡ. ನಮ್ಮದು ಮನೆಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷು. ಆದರೂ ತಿಳಿದಂತೆ ಹೇಳಿದೆ. ಮುಂದಿನ ಭಾನುವಾರ ಪೂಜೆ ಮುಗಿಸಿ ನಾವು ಮನೆಗೆ ಬಂದರೆ, ಜಗುಲಿಯ ಮೇಲೆ ಆ ಹೆಂಗಸು, ಅವರ ಗಂಡ ಮತ್ತು ಒಂದು ಭಾರಿ ಸಿಹಿಗುಂಬಳಕಾಯಿ ನಮಗಾಗಿ ಕಾಯುತ್ತಿದ್ದವು. ಅವರ ಮಗ ಸಂಕೋಚದಿಂದ ಬೀದಿಯ ತುದಿಯಲ್ಲೇ ನಿಂತಿದ್ದರು. ಕೃಷ್ಣರಾಜಪುರದ ಆಚೆಗಿನ ಒಂದು ಹಳ್ಳಿಯವರು ಅವರು. ತಲೆತಲಾಂತರದಿಂದ ಬೇಸಾಯ, ತಲೆತಲಾಂತರದಿಂದ ಕ್ರೈಸ್ತರು. ಮಗ ಒಂದು ಕಾರ್ಖಾನೆಯಲ್ಲಿ ಫಿಟ್ಟರ್.

ನಮ್ಮಪ್ಪ ಸೈನ್ಯದ ವರ್ಕ್‌ಶಾಪಿನಲ್ಲಿ ಗುಮಾಸ್ತರಾಗಿದ್ದವರು. ಅವರ ತಮಿಳು, ಹಿಂದಿ, ಆ ಹೆಂಗಸಿನ ಕನ್ನಡ ಎಲ್ಲ ಕಲಸಿಕೊಂಡು ಮದುವೆಯ ಮಾತುಕತೆ ನಡೆಯಿತು. ಅಮ್ಮನಿಗೆ ಒಳಗೊಳಗೇ ದಿಗಿಲು. ಟೈಪ್ ಮಾಡುವ ಮಗಳನ್ನು ಸಗಣಿ ಬಾಚುವ ಮನೆಗೆ ಹೇಗೆ ಕೊಡುವುದು ಎಂದು ತಮಿಳಿನಲ್ಲಿ ಅಪ್ಪನ ಕಿವಿಯಲ್ಲಿ ಹೇಳಿದರು. ಆ ಹೆಂಗಸಿಗೆ ತಮಿಳು ಅರ್ಥವಾಗುತ್ತಿತ್ತು. ಶಿವಾಜಿನಗರಕ್ಕೆ ಸೊಪ್ಪು ಹೊತ್ತು ಮಾರುವವರಿಗೆ ಯಾವ ಭಾಷೆ ತಾನೇ ಅರ್ಥವಾಗುವುದಿಲ್ಲ.

“ಅವಳು ಕೆಲಸ ಬಿಡೋದು ಬ್ಯಾಡ ಕಣಮ್ಮ,” ಎಂದರು ಅಮ್ಮನಿಗೆ. “ಸಗಣಿ ಬಾಚಕ್ಕೆ ನಾನಿದ್ದೀನಿ. ತಾಯಿ ಹತ್ರ ಒಳ್ಳೆ ಸೊಸೆ ಕೊಡು ಅಂತ ಕೇಳ್ತಿದ್ದೆ. ತಿರುಗಿ ನೋಡುದ್ರೆ ಇವಳು ಕೋಳಿ ಹಿಡ್ಕೊಂಡು ನಿಂತವ್ಳೆ. ಇನ್ನೇನ್ ಕೇಳನ ಆ ತಾಯಿ ಹತ್ರ?”

ಅಪ್ಪ ಗಟ್ಟಿಯಾಗಿ ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ಹುಡುಗನನ್ನು ನಾನು ಸರಿಯಾಗಿ ನೋಡಿದ್ದು ಅವರೆಲ್ಲ ಹೊರಟಾಗ.

ಮದುವೆಯಾಗಿ ಹೋದ ಮನೆ ಹೆಂಚಿನದು. ಅಂಗಳ, ಅದರ ಪಕ್ಕದಲ್ಲಿ ದನದ ಕೊಟ್ಟಿಗೆ, ಹಿಂದೆ ಸೀಬೆ ತೋಟ, ಅದರಾಚೆಗೆ ಕೆರೆಯವರೆಗೂ ರಾಗಿ ಹೊಲ. ಬೆಳಗಿನ ಜಾವ ಎಚ್ಚರವಾದರೆ ಕೊಟ್ಟಿಗೆಯಿಂದ ಅತ್ತೆಯ ಜಪ ಕೇಳಿಸುತ್ತಿತ್ತು. ಹಾಲು ಕರೆಯುತ್ತಾ ಕರೆಯುತ್ತಾ ನಮೋ ಮರಿಯಾ ಹೇಳುತ್ತಿದ್ದರು. ಹಸು ಕಾಲು ಝಾಡಿಸಿದರೆ ಜಪದ ನಡುವೆಯೇ ಅದಕ್ಕೊಂದು ಬೈಗುಳ, ಆಮೇಲೆ ಬಿಟ್ಟ ಕಡೆಯಿಂದ ಮತ್ತೆ ಜಪ. ಅವರ ಮನೆಯಲ್ಲಿ ಗಡಿಯಾರ ಇತ್ತು. ಅದನ್ನು ನೋಡುತ್ತಿದ್ದವರು ಮಾವ ಮಾತ್ರ. ಅತ್ತೆಯ ಅಳತೆಯೇ ಬೇರೆ. ಮೊಟ್ಟೆ ಬೇಯಲು ಇಷ್ಟು ಪರಲೋಕ ಮಂತ್ರ, ಒಂದು ಸಾಲಿಗೆ ನೀರು ಹಾಯಲು ಜಪಸರದ ಇಷ್ಟು ಮಣಿ. ಮುದ್ದೆ ತಿರುವಲು ನನಗೆ ಕಲಿಸಿದಾಗಲೂ, “ಒಂದು ವಿಶ್ವಾಸ ಸಂಗ್ರಹ ಹೇಳು, ಅಷ್ಟೊತ್ತಿಗೆ ಹಿಟ್ಟು ಬೆಂದಿರ್ತದೆ,” ಎಂದರು. ನನಗೆ ಆ ಜಪ ಇಂಗ್ಲಿಷಿನಲ್ಲಿ ಬರುತ್ತಿತ್ತು. ಬಾಯಲ್ಲೇ ಗೊಣಗಿಕೊಂಡೆ. ಮುದ್ದೆಯಲ್ಲಿ ಹಿಟ್ಟಿನ ಗಂಟುಗಳು ಉಳಿದುಬಿಟ್ಟವು.

“ಇಂಗ್ಲಿಷ್ ಜಪ ಬೇಗ ಮುಗೀತದೆ ಅನ್ಸತ್ತೆ,” ಎಂದರು ಮಾವ, ಗಂಟನ್ನು ತಟ್ಟೆಯ ಅಂಚಿಗೆ ಸರಿಸುತ್ತಾ.

ಮೊದಲ ಕ್ರಿಸ್ಮಸ್ಸಿಗೆ ನಾನು ಹಲಸೂರಿನಿಂದ ಓವನ್ ಪೆಟ್ಟಿಗೆ ತರಿಸಿ, ದ್ರಾಕ್ಷಿ, ಗೋಡಂಬಿ ಹಾಕಿ ಅಮ್ಮನ ಕ್ರಮದಲ್ಲಿ ಕೇಕ್ ಮಾಡಿದೆ. ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. “ಚೆನ್ನಾಗದೆ,” ಎಂದರು. “ವಸಿ ಎಣ್ಣೇಲಿ ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು.” ಅವರ ಪ್ರಕಾರ ಎಣ್ಣೆಯಲ್ಲಿ ಕರಿಯದ್ದು ಹಬ್ಬದ ತಿಂಡಿಯೇ ಅಲ್ಲ. ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ ಮಾಡಿ ಊರಿನ ಎಲ್ಲ ಮನೆಗೂ ಹಂಚುತ್ತಿದ್ದರು. ಊರಲ್ಲಿ ಹೆಚ್ಚಿನವರು ಹಿಂದೂ ಒಕ್ಕಲಿನವರು. ಅವರ ಮನೆಗಳಿಂದ ಸಂಕ್ರಾಂತಿಗೆ ಎಳ್ಳು, ಯುಗಾದಿಗೆ ಹೋಳಿಗೆ ಬರುತ್ತಿತ್ತು.

ಮಾರುಕಟ್ಟೆಯ ದಿನಗಳಲ್ಲಿ ಅತ್ತೆ ಬೆಳಿಗ್ಗೆ ಮೊದಲ ಬಸ್ಸಿಗೆ ಸೊಪ್ಪು, ಸೀಬೆಕಾಯಿ ಹೊತ್ತು ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದರು. ರಜೆ ಇದ್ದಾಗ ನಾನೂ ಜೊತೆಯಾಗುತ್ತಿದ್ದೆ. ಅಲ್ಲಿ ಹಣ್ಣಿನಂಗಡಿಯ ಸಾಹೇಬರೊಬ್ಬರು ಅತ್ತೆ ಬರುವವರೆಗೂ ಬೋಣಿ ಮಾಡುತ್ತಿರಲಿಲ್ಲ. ಅತ್ತೆಯ ಕೈಗುಣ ಚೆನ್ನಾಗಿದೆ ಎಂದು ಅವರಿಗೆ ನಂಬಿಕೆ. ಅತ್ತೆ ಅವರ ಅಂಗಡಿಯ ತಕ್ಕಡಿ ಮುಟ್ಟಿ, “ದೇವ್ರು ಒಳ್ಳೇದು ಮಾಡ್ಲಿ,” ಎನ್ನುವರು. ಸಾಹೇಬರು “ಆಮೀನ್” ಎನ್ನುವರು. ಅತ್ತೆಯೂ “ಆಮೆನ್” ಎನ್ನುವರು. ಆಮೇಲೆ ಇಬ್ಬರೂ ಸೀಬೆಕಾಯಿಯ ಬೆಲೆಗೆ ಜಗಳವಾಡುವರು.

ಸೆಪ್ಟೆಂಬರಿನ ಮಾತೆಯ ಹಬ್ಬಕ್ಕೆ ದೂರದೂರದಿಂದ ಜನ ಕಾವಿ ಬಟ್ಟೆ ಉಟ್ಟು ಶಿವಾಜಿನಗರಕ್ಕೆ ನಡೆದು ಬರುತ್ತಾರಲ್ಲ, ಅತ್ತೆ ಮಾತ್ರ ಆ ದಿನ ಬಸ್ಸಿನಲ್ಲಿ ಹೋಗುತ್ತಿದ್ದರು. ನೀವೇಕೆ ನಡೆಯುವುದಿಲ್ಲ ಎಂದು ಒಮ್ಮೆ ಕೇಳಿದೆ.

“ವರ್ಸ ಪೂರ್ತಿ ಹೊಲದಲ್ಲಿ ನಡೀತೀನಿ. ಅವಳಿಗೆ ಕಾಣಲ್ವಾ?” ಎಂದರು.

ಇಷ್ಟು ನಗುವ ಹೆಂಗಸಿಗೆ ಕಷ್ಟವೇ ಬಂದಿಲ್ಲವೇನೋ ಎಂದು ನಾನು ಎಣಿಸಿದ್ದೆ. ಒಂದು ನವೆಂಬರಿನಲ್ಲಿ, ಸತ್ತವರ ಹಬ್ಬದ ಹಿಂದಿನ ದಿನ, ನನ್ನನ್ನು ಊರ ಚರ್ಚಿನ ಹಿಂದಿನ ಸಮಾಧಿ ತೋಟಕ್ಕೆ ಕರೆದೊಯ್ದರು. ನಾನಾಗ ಬಸುರಿ. ಒಂದು ಮೂಲೆಯಲ್ಲಿ ಎರಡು ಪುಟ್ಟ ಗುಡ್ಡೆಗಳು, ಅವುಗಳ ಸುತ್ತ ಸೇವಂತಿಗೆ. ನನ್ನ ಗಂಡನಿಗಿಂತ ಮೊದಲು ಹುಟ್ಟಿ, ನಡೆಯಲು ಕಲಿಯುವ ಮುನ್ನವೇ ಹೋದ ಮಕ್ಕಳು. ಅತ್ತೆ ಕೂತು ಕಳೆ ಕೀಳುತ್ತಾ ಹೇಳಿದರು.

“ಎರಡನೇದು ಹೋದಾಗ ನಾನು ಚರ್ಚಿಗೆ ಹೋಗೋದೇ ಬಿಟ್ಬಿಟ್ಟೆ. ಮಾತೇ ಬಿಟ್ಟೆ ದೇವ್ರ ಜೊತೆ. ಸ್ವಾಮೇರು ಬಂದ್ರು, ನಮ್ಮವ್ವ ಬಂದು ಅತ್ಲು, ಉಹುಂ.”

“ಆಮೇಲೆ ಮತ್ತೆ ಹೋದ್ರಲ್ಲ ಅತ್ತೆ?”

“ಇನ್ನೇನ್ ಮಾಡ್ಲಿ? ಜಗಳ ಆಡಕ್ಕಾದ್ರೂ ಅವನ ಮನೆಗೇ ಹೋಗ್ಬೇಕಲ್ಲ. ಹೋದೆ. ಚೆನ್ನಾಗಿ ಬೈದೆ. ಬೈದು ಸುಸ್ತಾಗಿ ಅಲ್ಲೇ ಬೆಂಚ್ ಮೇಲೆ ಮಲ್ಕೊಂಬಿಟ್ಟೆ. ಎದ್ದಾಗ ಹಸಿವಾಗಿತ್ತು. ಎಷ್ಟೋ ತಿಂಗಳಾಗಿತ್ತು ಹಸಿವಾಗಿ.”

ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹೊಟ್ಟೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ಅವರ ಮುಖದಲ್ಲಿ ಅಳು ಇರಲಿಲ್ಲ. ಅವರ ಭಕ್ತಿ ಎಲ್ಲಿಂದ ಬಂತು ಎಂಬುದು ನನಗೆ ಅಂದು ತಿಳಿಯಿತು. ಅಂದಿನಿಂದ ನಾನು ಅವರನ್ನು ಅತ್ತೆ ಎಂದು ಕರೆದರೂ ಮನಸ್ಸಿನಲ್ಲಿ ಅಮ್ಮ ಎಂದೇ ಎಣಿಸಿದೆ.

ಮಗಳು ಹುಟ್ಟಿ, ಬೆಳೆದು, ಶಾಲೆಗೆ ಸೇರಿದಳು. ಅದೇ ವರ್ಷ ನಮ್ಮೂರ ಚರ್ಚಿಗೆ ಹರೆಯದ ಸ್ವಾಮಿಗಳೊಬ್ಬರು ಬಂದರು. ಭಾನುವಾರದ ಪೂಜೆಯಲ್ಲಿ ಬೈಬಲ್ಲಿನ ವಾಚನ ಓದಲು ಇನ್ನುಮುಂದೆ ಹೆಂಗಸರೂ ಮುಂದೆ ಬರಬೇಕು ಎಂದು ಅವರು ಪೀಠದಿಂದ ಹೇಳಿದರು. ಟೀಚರಮ್ಮಂದಿರು ಇಬ್ಬರು ಕೈಯೆತ್ತಿದರು. ಅತ್ತೆ ಮನೆಗೆ ಬಂದವರು ನೇರ ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕಿದರು. ಸಂಜೆ ಮಗಳು ಅಂಗಳದಲ್ಲಿ ಸ್ಲೇಟು ಹಿಡಿದು ಅ ಆ ಬರೆಯುತ್ತಿದ್ದಾಗ ನನ್ನ ಹತ್ತಿರ ಬಂದು ಕೂತರು.

“ಅದನ್ನ ನಂಗೂ ಹೇಳ್ಕೊಡು.”

“ನಂಗೂ ಕನ್ನಡ ಓದಕ್ಕೆ ಬರಲ್ಲ ಅತ್ತೆ. ತಮಿಳು ಬರತ್ತೆ, ಇಂಗ್ಲಿಷ್ ಬರತ್ತೆ.”

“ನಿನ್ನ ಗಂಡ ಕಾರ್ಖಾನೆಯಿಂದ ಬರೋದೇ ರಾತ್ರಿ. ಮತ್ತೆ ಈ ಮನೇಲಿ ಇನ್ಯಾರಿಗ್ ಬತ್ತದೆ?”

ನಾವಿಬ್ಬರೂ ಮಗಳ ಕಡೆ ನೋಡಿದೆವು. ಹೀಗೆ ಒಂದನೇ ಕ್ಲಾಸಿನ ಹುಡುಗಿ ನಮಗೆ ಮೇಷ್ಟ್ರಾದಳು. ಅತ್ತೆಗೆ ಮಾತೆಲ್ಲ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನನಗೆ ಅಕ್ಷರ ಬೇಗ ಹತ್ತಿತು, ಅದು ಕೂಡಿ ಆಗುವ ಮಾತಿನ ಅರ್ಥ ತಿಳಿಯುತ್ತಿರಲಿಲ್ಲ. ನಾನು ಕೂಡಿಸಿ ಓದುವುದು, ಅವರು ಅದರ ಅರ್ಥ ಹೇಳುವುದು. ಭಾನುವಾರ ಮಧ್ಯಾಹ್ನ ಹೊಲದ ಬದುವಿನ ಮೇಲೆ ಕೂತು, ಕುಡುಗೋಲಿನ ತುದಿಯಿಂದ ಮಣ್ಣಿನಲ್ಲಿ ಗೀಚುತ್ತಿದ್ದೆವು. ‘ರ’ ಅತ್ತೆಗೆ ಬಳೆಯಂತೆ ಕಂಡಿತು. ‘ಗ’ ಕೊಟ್ಟಿಗೆಯ ಬಾಗಿಲಿನಂತೆ. ‘ಠ’ ನೋಡಿ, “ಇದ್ಯಾಕೆ ರ ಬೊಟ್ಟಿಟ್ಕೊಂಡದೆ?” ಎಂದರು. ಒತ್ತಕ್ಷರ ಬಂದಾಗ ಮಾತ್ರ ಸೋತರು. “ಕಾಲಡಿ ಮಗು ಕೂರ್ಸಿಕೊಂಡಿರೋ ಅಕ್ಷರ,” ಎಂದು ಅದಕ್ಕೆ ಹೆಸರಿಟ್ಟರು. ಕ್ರಿಸ್ತ ಎಂಬ ಹೆಸರಿನಲ್ಲಿ ಎರಡೆರಡು ಒತ್ತು ಕಂಡು ಅವರಿಗೆ ಸಿಟ್ಟೇ ಬಂತು. “ಬಡವರ ಮನೇಲಿ ಹುಟ್ಟಿದವನಿಗೆ ಇಂಥ ಕಷ್ಟದ ಹೆಸರು ಯಾಕಿಟ್ರು?”

ರಾಗಿ ಮೊಳಕೆಯೊಡೆದು, ತೆನೆಕಟ್ಟಿ, ಕೊಯ್ಲಾಗಿ, ಮತ್ತೆ ಬಿತ್ತನೆಯ ಕಾಲ ಬಂತು. ಅಷ್ಟರಲ್ಲಿ ಅತ್ತೆ ಬಸ್ಸಿನ ಬೋರ್ಡು ಓದುತ್ತಿದ್ದರು, ಗೊಬ್ಬರದ ಚೀಲ ಓದುತ್ತಿದ್ದರು, ಗೋಡೆಯ ಮೇಲಿನ ಸಿನಿಮಾ ಪೋಸ್ಟರನ್ನೂ ಗಟ್ಟಿಯಾಗಿ ಓದಿ ಮಾವನಿಗೆ ಮುಜುಗರ ಮಾಡುತ್ತಿದ್ದರು. ನನಗೂ ಅಷ್ಟರಲ್ಲಿ ಕನ್ನಡ ನಾಲಿಗೆಗೆ ಹತ್ತಿತ್ತು. ಈಗ ನಾನು ಬರೆಯುತ್ತಿರುವ ಈ ಭಾಷೆ ಅಲ್ಲಿಯೇ, ಆ ಬದುವಿನ ಮೇಲೆಯೇ ಕಲಿತದ್ದು.

ಅತ್ತೆ ಸ್ವಾಮಿಗಳ ಹತ್ತಿರ ಹೋಗಿ, “ಸ್ತೋತ್ರ ಸ್ವಾಮಿ. ನಂಗೂ ಒಂದು ವಾಚನ ಕೊಡಿ,” ಎಂದು ಕೇಳಿದರು. ಸ್ವಾಮಿಗಳು ಸಂತೋಷದಿಂದ ಮುಂದಿನ ಭಾನುವಾರದ್ದನ್ನೇ ಕೊಟ್ಟರು. ಮನೆಗೆ ತಂದು ಓದಿಕೊಂಡಾಗ ತಿಳಿಯಿತು, ಅದು ಹೆಂಡತಿಯರು ಗಂಡಂದಿರ ಮಾತಿಗೆ ತಗ್ಗಿ ನಡೆಯಬೇಕು ಎನ್ನುವ ಭಾಗ. ಮಾವನಿಗೆ ಆದ ಖುಷಿ ಹೇಳತೀರದು. ವಾರವಿಡೀ, ನೀರು ಕೇಳುವಾಗಲೂ ಎಲೆಯಡಿಕೆ ಕೇಳುವಾಗಲೂ, “ವಾಚನ ಚೆನ್ನಾಗಿ ಕಲ್ತ್ಕೊ, ಒಂದಕ್ಷರ ತಪ್ಪಬಾರ್ದು,” ಎನ್ನುತ್ತಿದ್ದರು. ಅತ್ತೆ ಪುಸ್ತಕ ತೆರೆದು ಮತ್ತೆ ಮೊದಲಿಂದ ಓದಿಕೊಳ್ಳುತ್ತಿದ್ದರು.

ಭಾನುವಾರ ಬಂತು. ಮಾವ ಎಂದಿನಂತೆ ಚರ್ಚಿನ ಬಾಗಿಲ ಹತ್ತಿರ, ಹೆಗಲ ಮೇಲೆ ಟವೆಲ್ಲು ಹಾಕಿ ನಿಂತಿದ್ದರು. ಊರ ಗಂಡಸರೆಲ್ಲ ನಿಲ್ಲುವುದು ಅಲ್ಲೇ; ಸ್ವಾಮಿಗಳ ಪ್ರಸಂಗ ಉದ್ದವಾದರೆ ಹೊರಗೆ ಹೋಗಿ ಬೀಡಿ ಸೇದಲು ಅನುಕೂಲ. ಅತ್ತೆ ಮದುವೆಯ ರೇಷ್ಮೆ ಸೀರೆ ಉಟ್ಟು, ಕನ್ನಡಕ ಹಾಕಿಕೊಂಡು ಮೈಕಿನ ಮುಂದೆ ನಿಂತರು. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ನಿಧಾನ, ಆದರೆ ಒಂದೊಂದು ಮಾತೂ ಸ್ಪಷ್ಟ. ಹೆಂಡತಿಯರ ಭಾಗ ಬಂತು. ಓದಿದರು. ಬಾಗಿಲ ಬಳಿ ಮಾವ ಎದೆ ಸೆಟೆಸಿ ಅಕ್ಕಪಕ್ಕದವರನ್ನು ನೋಡಿದರು. ಆಮೇಲೆ ಗಂಡಂದಿರು ತಮ್ಮ ಮೈಯನ್ನು ನೋಡಿಕೊಳ್ಳುವ ಹಾಗೆ ಹೆಂಡತಿಯರನ್ನು ಪ್ರೀತಿಸಬೇಕು ಎನ್ನುವ ಭಾಗ. ಅದನ್ನೂ ಓದಿದರು. ನಿಂತರು. ಕನ್ನಡಕ ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.

“ಹಿಂದೆ ನಿಂತಿರೋರಿಗೆ ಕೇಳುಸ್ಲಿಲ್ಲ ಅನ್ಸತ್ತೆ,” ಎಂದು ಮೈಕಿನಲ್ಲೇ ಹೇಳಿ, ಆ ಸಾಲನ್ನು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಓದಿದರು.

ಹೆಂಗಸರ ಸಾಲುಗಳಲ್ಲಿ ನಗು ಗಾಳಿಯ ಹಾಗೆ ಹರಿಯಿತು. ಸ್ವಾಮಿಗಳು ಬಗ್ಗಿ ತಮ್ಮ ಮೇಲಂಗಿಯ ಮಡಿಕೆ ಸರಿಮಾಡಿಕೊಳ್ಳುವವರಂತೆ ಮುಖ ಮರೆಸಿಕೊಂಡರು. ಅತ್ತೆ ಮಾತ್ರ ಗಂಭೀರವಾಗಿ, “ಇದು ಪ್ರಭುವಿನ ವಾಕ್ಯ,” ಎಂದು ಮುಗಿಸಿದರು. ದೇವರಿಗೆ ಕೃತಜ್ಞತೆ ಸಲ್ಲಿಸುವ ಉತ್ತರ ಅಷ್ಟು ಜೋರಾಗಿ ಆ ಚರ್ಚಿನಲ್ಲಿ ಮತ್ತೆಂದೂ ಕೇಳಿಸಲಿಲ್ಲ.

ಅಂದು ಮಧ್ಯಾಹ್ನ ಊಟವಾದ ಮೇಲೆ ಮಾವ ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ನಾನು ಬೆರಗಾಗಿ ನೋಡಿದಾಗ, “ಏನ್ ಮಾಡದಮ್ಮ, ಪುಸ್ತಕದಲ್ಲಿ ಎರಡು ಸಲ ಬರೆದವ್ರಂತಲ್ಲ,” ಎಂದರು. ಆ ಅಭ್ಯಾಸ ಹಾಗೇ ಉಳಿಯಿತು.

ಹೊಸ ಶತಮಾನ ಬಂತು. ಕೃಷ್ಣರಾಜಪುರದಲ್ಲಿ ರೈಲು ಹಳಿಯ ಮೇಲೆ ತಂತಿಗಳ ದೊಡ್ಡ ಸೇತುವೆ ಎದ್ದಿತು. ಸಿ.ವಿ. ರಾಮನ್ ನಗರದ ಕಡೆ ಗಾಜಿನ ಕಟ್ಟಡಗಳು. ನಮ್ಮ ಹೊಲದ ಒಂದು ಬದಿಗೆ ಬಡಾವಣೆ, ಇನ್ನೊಂದು ಬದಿಗೆ ಅಪಾರ್ಟ್‌ಮೆಂಟು. ಅಲ್ಲಿನ ಬಾಲ್ಕನಿಗಳಲ್ಲಿ ನಿಂತು ಜನ ನಮ್ಮ ರಾಗಿ ಒಕ್ಕಣೆಯನ್ನು ನೋಡುತ್ತಿದ್ದರು. ಅತ್ತೆ ಅವರತ್ತ ಕೈಬೀಸುತ್ತಿದ್ದರು. ಕೆಲವು ದಿನಗಳಲ್ಲಿ ಅಲ್ಲಿಂದ ಹೆಂಗಸರು ಸೊಪ್ಪಿಗೆ ಬರತೊಡಗಿದರು. ದೆಹಲಿ ಕಡೆಯ ಒಬ್ಬಾಕೆಗೆ ಅತ್ತೆ ಮಸ್ಸೊಪ್ಪು ಮಾಡಲು ಕಲಿಸಿದರು. ಆಕೆಗೆ ಕನ್ನಡ ಬರುತ್ತಿರಲಿಲ್ಲ, ಆಕೆಯ ಬಿರುಸಿನ ಹಿಂದಿಗೆ ಅತ್ತೆಯ ಮಾರುಕಟ್ಟೆ ಹಿಂದಿ ಸಾಲುತ್ತಿರಲಿಲ್ಲ. ಕೈಸನ್ನೆಯಲ್ಲೇ ಬೇಳೆಯಿಂದ ಒಗ್ಗರಣೆಯವರೆಗೂ ಪಾಠ ನಡೆಯಿತು.

ಆ ದಿನಗಳಲ್ಲೇ ಅತ್ತೆಗೆ ನಡೆದರೆ ಏದುಸಿರು ಬರತೊಡಗಿತು, ಕಾಲು ಊದಿಕೊಂಡವು. ನಾನೂ ಮಾವನೂ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಎಕ್ಸ್‌ರೇ ನೋಡಿ, ಹೃದಯ ದೊಡ್ಡದಾಗಿದೆ, ಇನ್ನು ಹೊಲದ ಕೆಲಸ ಸಾಕು ಎಂದರು. ಅತ್ತೆ ಮಾವನ ಕಡೆ ತಿರುಗಿದರು.

“ಕೇಳುದ್ರಾ? ಇಷ್ಟು ವರ್ಸ ನಾನು ಹೇಳುದ್ರೆ ನಂಬ್ಲಿಲ್ಲ. ಈಗ ಡಾಕ್ಟ್ರೇ ಹೇಳ್ತವ್ರೆ.”

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪೆನ್ನು ಕೆಳಗಿಟ್ಟು ನಕ್ಕರು.

ಒಮ್ಮೆ ತೀರಾ ಜೋರಾಯಿತು. ಉಸಿರು ಎಳೆಯುತ್ತಿತ್ತು. ಸ್ವಾಮಿಗಳನ್ನು ಕರೆಸಿ ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ಹಚ್ಚಿಸಿದೆವು. ನೆಂಟರೆಲ್ಲ ಬಂದು ಅಂಗಳದಲ್ಲಿ ಕೂತರು. ಮರುದಿನ ಬೆಳಿಗ್ಗೆ ಅತ್ತೆ ಎದ್ದು ಕೂತು, ಮುದ್ದೆ ಬಸ್ಸಾರು ಕೇಳಿದರು. ಅಂಗಳದ ತುಂಬ ಜನರನ್ನು ಕಂಡು, “ಇವರಿಗೆಲ್ಲ ಊಟ ಹಾಕುದ್ರಾ?” ಎಂದರು. ಆ ನಂತರ ಸ್ವಾಮಿಗಳು ನೋಡಲು ಬಂದಾಗ, “ನಿಮ್ಮ ಎಣ್ಣೆ ದಂಡ ಆಯ್ತಲ್ಲ ಸ್ವಾಮಿ,” ಎಂದು ಅವರ ಕೈಗೆ ಹುರಿದ ಕಡಲೆಕಾಯಿ ಕೊಟ್ಟರು.

ಅದಾದ ಮೇಲೆ ಒಂದು ವರ್ಷ, ಅಂಗಳದ ಮಂಚವೇ ಅವರ ಜಾಗವಾಯಿತು. ಅಲ್ಲಿಂದಲೇ ಹೊಲಕ್ಕೆ ಕೂಗಿ ಹೇಳುತ್ತಿದ್ದರು. ಭಾನುವಾರ ಮಂಚದ ಮೇಲೆ ಕೂತು ವಾಚನ ಓದುತ್ತಿದ್ದರು. ಕೇಳಲು ಮಾವ, ಒಂದು ನಾಯಿ, ಪಕ್ಕದ ಮನೆಯ ಗೌಡರ ಅಜ್ಜಿ. ಆ ಅಜ್ಜಿ ಬರುವಾಗ ತನ್ನ ಮನೆದೇವರ ತೀರ್ಥ ತರುತ್ತಿದ್ದಳು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, “ನಿಮ್ಮೋರು ನಮ್ಮೋರು ಮಾತಾಡ್ಕೊಂಡು ನನ್ನ ಒಂದು ದಡ ಸೇರುಸ್ಲಿ,” ಎನ್ನುತ್ತಿದ್ದರು.

ಡಿಸೆಂಬರ್ ಬಂದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. “ನಾನು ಹಬ್ಬದ ಹತ್ರ ಹತ್ರ ಹೋದ್ರೆ ಸೂತಕ ಗೀತಕ ಅಂತ ಹಬ್ಬ ನಿಲ್ಲುಸ್ಬ್ಯಾಡ. ಅವತ್ತು ಹುಟ್ಟಿದ್ದು ನಾನಲ್ಲ, ಅವನು. ಕಜ್ಜಾಯ ಮಾಡ್ಬೇಕು. ಎಲ್ಲರ ಮನೆಗೂ ಕೊಡ್ಬೇಕು.”

“ನೀವೇ ಮಾಡಿ ಕೊಡ್ತೀರ ಬಿಡಿ ಅತ್ತೆ,” ಎಂದೆ.

“ಮಾಡ್ತೀನಿ, ಮಾಡ್ತೀನಿ. ಆದ್ರೂ ಬೆಲ್ಲ ತರ್ಸಿಡು.”

ಅವರೆಕಾಯಿಯ ಕಾಲ. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಹಿತಕಿದ ಬೇಳೆ ಸಾರು ಮಾಡೋಣ ಎಂದು ಅತ್ತೆಯೇ ಹೇಳಿದ್ದರು. ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಮೂವರೂ ಬಿಸಿಲಿನಲ್ಲಿ ಕೂತಿದ್ದೆವು. ಅತ್ತೆ ಮಂಚದ ಮೇಲೆ, ದಿಂಬಿಗೆ ಒರಗಿಕೊಂಡು. ನಾನೂ ಮಾವನೂ ಕೆಳಗೆ ಚಾಪೆಯ ಮೇಲೆ. ಅತ್ತೆ ಒಂದು ಕಾಳನ್ನು ಹಿತಕಿದಾಗ ಬೇಳೆ ಚಿಮ್ಮಿ ಮಾವನ ಕೆನ್ನೆಗೆ ತಗಲಿತು. ಮಾವ ಅದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಅತ್ತೆ ಜೋರಾಗಿ ನಕ್ಕರು. ಎದೆಯಾಳದಿಂದ ಬರುವ, ಚರ್ಚಿನಲ್ಲಿ ನಾನು ಮೊದಲ ದಿನ ಕೇಳಿದ್ದ ಅದೇ ನಗು. ಆಮೇಲೆ ದಿಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಊರ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿತು. ಆ ಗಂಟೆಗೆ ಅತ್ತೆ ಯಾವ ಕೆಲಸದಲ್ಲಿದ್ದರೂ ನಿಲ್ಲಿಸಿ ಜಪ ಮಾಡುತ್ತಿದ್ದರು. ಅದಕ್ಕೇ ಕಣ್ಣು ಮುಚ್ಚಿದ್ದಾರೆಂದುಕೊಂಡು ನಾನೂ ಮನಸ್ಸಿನಲ್ಲೇ ಜಪ ಹೇಳಿಕೊಂಡೆ. ಮುಗಿಸಿ ನೋಡಿದರೆ ಮಾವ ಕೈಯಲ್ಲಿದ್ದ ಕಾಳು ಕೆಳಗಿಟ್ಟು ಅತ್ತೆಯ ಪಾದ ಹಿಡಿದುಕೊಂಡಿದ್ದರು.

“ಜಪ ಅಲ್ಲ ಕಣಮ್ಮ,” ಎಂದರು ಮೆಲ್ಲಗೆ. “ಹೊರಟ್ಲು.”

ಅತ್ತೆಯ ಬೆರಳುಗಳಲ್ಲಿ ಇನ್ನೂ ಒಂದು ಕಾಳು ಇತ್ತು. ಮುಖದಲ್ಲಿ ನಗು ಪೂರ್ತಿ ಆರಿರಲಿಲ್ಲ. ನಾನು ಅಳಲು ಶುರುಮಾಡುವ ಮೊದಲು ಅವರ ಸೆರಗು ಸರಿಪಡಿಸಿ, ಆ ಕೈಗೆ ಜಪಸರ ಸುತ್ತಿದೆ. ಮಾವ ಎದ್ದು ಹೋಗಿ ಕೊಟ್ಟಿಗೆಯ ಹಸುವಿನ ಕೊರಳ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು.

ಸಂಜೆಯೊಳಗೆ ಊರೆಲ್ಲ ನಮ್ಮ ಅಂಗಳದಲ್ಲಿತ್ತು. ಗೌಡರ ಮನೆಯಿಂದ ಮುದ್ದೆ, ಸಾರು ಬಂತು. ಅಪಾರ್ಟ್‌ಮೆಂಟಿನ ದೆಹಲಿಯಾಕೆ ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಹೋಗಿ ರಾಶಿಬಿದ್ದಿದ್ದ ಪಾತ್ರೆ ತೊಳೆದಳು. ಮರುದಿನ ಬೆಳಿಗ್ಗೆ ರಸೆಲ್ ಮಾರುಕಟ್ಟೆಯ ಸಾಹೇಬರು ಆಟೋದಲ್ಲಿ ಬಂದರು. ತೊಡೆಯ ಮೇಲೆ ಒಂದು ಬುಟ್ಟಿ ಗುಲಾಬಿ. ಅಂಗಡಿಗೆ ಅಂದು ಬೀಗ ಹಾಕಿ ಬಂದಿದ್ದರು.

“ಅಮ್ಮಾ ಇಲ್ದೆ ಬೋಣಿ ಯಾರ್ ಮಾಡೋದು?” ಎಂದು ನನ್ನ ಗಂಡನ ಕೈ ಹಿಡಿದುಕೊಂಡರು. ಮಾವನ ಪಕ್ಕದಲ್ಲಿ ಕೂತು, ಅಂಗೈಗಳನ್ನು ಮೇಲೆ ಮಾಡಿ, ತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು. ಮುಗಿದಾಗ ಮಾವ “ಆಮೆನ್” ಎಂದರು.

ಪೆಟ್ಟಿಗೆ ಹೊರುವುದಕ್ಕೆ ಜನ ಸಾಲು ನಿಂತರು. ಚರ್ಚಿನಿಂದ ಸಮಾಧಿಗೆ ಹೋಗುವಾಗ ಹೆಂಗಸರು ಮಾತೆಯ ಹಾಡು ಹಾಡಿದರು. ಅತ್ತೆಗೆ ಇಷ್ಟವಾದ ಹಾಡುಗಳೆಲ್ಲ ಕುಣಿಸುವ ಧಾಟಿಯವು. ಹಾಡುತ್ತಾ ಹಾಡುತ್ತಾ ನಡಿಗೆಯೂ ತಾನಾಗಿ ಬಿರುಸಾಯಿತು. ಸೇವಂತಿಗೆಯ ಮೂಲೆಯಲ್ಲಿ, ಎರಡು ಪುಟ್ಟ ಗುಡ್ಡೆಗಳ ಪಕ್ಕದಲ್ಲಿ ಅವರನ್ನು ಮಲಗಿಸಿದೆವು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಾವ ಮಣ್ಣಿನ ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿ, ಬಿತ್ತನೆಗೆ ಹದ ನೋಡುವ ಹಾಗೆ ನೋಡಿ, ಆಮೇಲೆ ಹಾಕಿದರು.

ಹಬ್ಬಕ್ಕೆ ಇನ್ನು ವಾರವೂ ಇರಲಿಲ್ಲ. ಬೆಲ್ಲ ಮನೆಯಲ್ಲೇ ಇತ್ತು. ಹಬ್ಬದ ಹಿಂದಿನ ದಿನ ನಾನು ಪಾಕ ತೆಗೆದು ಅಕ್ಕಿಹಿಟ್ಟು ಕಲಸಿಟ್ಟದ್ದನ್ನು ಒಲೆಯ ಮುಂದೆ ತಂದಿಟ್ಟುಕೊಂಡೆ. ಅತ್ತೆ ಇಲ್ಲದೆ ನಾನೊಬ್ಬಳೇ ಕಜ್ಜಾಯಕ್ಕೆ ಕೈಹಾಕಿದ್ದು ಅದೇ ಮೊದಲು. ಮಾವ ಎಣ್ಣೆಯ ಡಬ್ಬ ಎತ್ತಿಕೊಟ್ಟರು. ಮಗಳು ನಕ್ಷತ್ರ ಕಟ್ಟುತ್ತಿದ್ದಳು. ಅಷ್ಟರಲ್ಲಿ ಮಾವನ ಅಕ್ಕ, ಎಂಬತ್ತು ದಾಟಿದ ಮುದುಕಿ, ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು.

“ಮನೆಯಾಕೆ ಮಣ್ಣಾಗಿ ವಾರ ಆಗಿಲ್ಲ, ಎಣ್ಣೆ ಇಟ್ಟಿದ್ದೀರಲ್ಲ. ನಾಚ್ಕೆ ಇಲ್ವಾ ನಿಮ್ಗೆ?”

“ಅವಳೇ ಹೇಳಿ ಹೋದ್ಲು ಅಕ್ಕ,” ಎಂದರು ಮಾವ. “ಅವಳ ಮಾತು ಮೀರಕ್ಕೆ ಇದ್ದಾಗ್ಲೇ ಆಗ್ಲಿಲ್ಲ, ಈಗೆಲ್ಲಾಗತ್ತೆ?”

ಮುದುಕಿ ಏನೋ ಗೊಣಗುತ್ತಾ ಒಳಗೆ ಬಂದು ನನ್ನ ಪಕ್ಕದ ಮಣೆಯ ಮೇಲೆ ಕೂತರು. ನಾನು ತಟ್ಟಿ ಬಿಟ್ಟ ಮೊದಲ ಕಜ್ಜಾಯ ಎಣ್ಣೆಯಲ್ಲಿ ಚೂರುಚೂರಾಯಿತು. ಎರಡನೆಯದೂ ಹಾಗೇ. ಮುದುಕಿ ಬಾಣಲೆಯನ್ನೂ ನನ್ನನ್ನೂ ನೋಡಿದರು. ಜಾಲರಿಯಿಂದ ಒಂದು ಚೂರು ತೆಗೆದು, ಊದಿ, ಬಾಯಿಗೆ ಹಾಕಿಕೊಂಡರು.

“ರುಚಿ ಅದೆ. ಹಿಟ್ಟು ಸಡ್ಲ ಆಗದೆ,” ಎಂದು ಕೋಲನ್ನು ಗೋಡೆಗೆ ಒರಗಿಸಿ, ಬಳೆ ಹಿಂದಕ್ಕೆ ಸರಿಸಿಕೊಂಡರು. “ಅತ್ಲಾಗ್ ಸರಿ. ಒಂದು ಹಿಡಿ ಹಿಟ್ಟು ಕೊಡು ಇಲ್ಲಿ. ಎಷ್ಟು ಮನೆಗೆ ಹಂಚ್ಬೇಕು?”

“ಎಲ್ಲ ಮನೆಗೂ ಅಂದಿದ್ರು ದೊಡ್ಡಮ್ಮ. ಅಪಾರ್ಟ್‌ಮೆಂಟಿಗೂ.”

“ಹಂಗಾದ್ರೆ ಇಷ್ಟು ಬೆಲ್ಲ ಸಾಲಲ್ಲ,” ಎಂದರು ಮುದುಕಿ. ಮಾವ ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ಚೀಲ ಹಿಡಿದು, ಅಂಗಡಿಯ ಕಡೆ ಹೊರಟರು.